ಒಂದೇ ನಳದ ಎರಡು ಕೂಸು

ಸಂಗನಹೊಳಿಯ ಜನ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಬಸ್ಸಿನ ವೇಳೆಯನ್ನು ನಂಬುವುದಿಲ್ಲ, ಪಾಲಿಕೆಯ ಸದಸ್ಯರನ್ನು ನಂಬುವುದಿಲ್ಲ, ಅಳಿಯಂದಿರನ್ನಂತೂ ನಂಬುವುದೇ ಇಲ್ಲ. ಆದರೆ ನಳದ ಬಾಯಿಗೆ ಹಾಕಿದ ಉಂಗುರವನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಬೆರಳಗಲದ ಗಾಜಿನ ಬಳೆ ಅದು. ಅದರೊಳಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಪ್ರೋಟೀನಿನ ತೆಳ್ಳನೆಯ ಪದರ ಇರುತ್ತದೆ. ನೀರಿನಲ್ಲಿ ವಿಷ ಹೆಚ್ಚಾದರೆ ಪದರ ಬಣ್ಣ ಬದಲಿಸುತ್ತದೆ. ಹಸಿರಿದ್ದರೆ ಕುಡಿಯಿರಿ, ಹಳದಿಯಾದರೆ ಬಟ್ಟೆ ಒಗೆಯಿರಿ, ಕೆಂಪಾದರೆ ನಳ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಓದು ಬಾರದವರಿಗೂ ತಿಳಿಯುವ ಯಂತ್ರ.

ಯಾವ ವಿಷ ಎಂದು ಕೇಳಿದರೆ, ಹೊಳೆಯ ಮೇಲುಭಾಗಕ್ಕೆ ಹೋಗಬೇಕು. ಅಲ್ಲಿ ಒಂದು ಕಾಲಕ್ಕೆ ನೀರು ಹತ್ತದ ಬಟ್ಟೆ, ಹಿಟ್ಟು ಅಂಟದ ಬಾಣಲೆ, ಬೆಂಕಿ ಆರಿಸುವ ನೊರೆ ಮಾಡುವ ಕಾರ್ಖಾನೆಗಳಿದ್ದವು. ಅವು ಮುಚ್ಚಿ ಎಷ್ಟೋ ವರ್ಷವಾಯಿತು. ಮಾಲೀಕರು ಹೋದರು, ಛಾವಣಿಯ ತಗಡು ಕೂಡ ಗುಜರಿಗೆ ಹೋಯಿತು. ಅವರು ಹೊಳೆಗೆ ಬಿಟ್ಟದ್ದು ಮಾತ್ರ ಹೋಗಲಿಲ್ಲ. ಇಂಗಾಲವೂ ಫ್ಲೋರಿನ್ನೂ ಒಮ್ಮೆ ಕೈ ಹಿಡಿದವೆಂದರೆ ಬಿಸಿಲಿಗೆ, ಒಲೆಯ ಬೆಂಕಿಗೆ, ಮಣ್ಣಿನ ಸೂಕ್ಷ್ಮಜೀವಿಗೆ, ಯಾವುದಕ್ಕೂ ಜಗ್ಗುವುದಿಲ್ಲ. ವಿಜ್ಞಾನಿಗಳು ಇವನ್ನು ಶಾಶ್ವತ ರಾಸಾಯನಿಕ ಎನ್ನುತ್ತಾರೆ. ನಾನು ಮನೆ ಖಾಲಿ ಮಾಡದ ಬಾಡಿಗೆದಾರ ಎನ್ನುತ್ತೇನೆ.

ನನ್ನ ಹೆಸರು ಗುರುಪಾದ ಅಂಗಡಿ. ಊರಿಗೆ ನೀರು ಸೋಸಿ ಕೊಡುವ ಘಟಕದಲ್ಲಿ ಹಿರಿಯ ಕೆಮಿಸ್ಟ್. ಹೊಳೆಯ ನೀರು ನಮ್ಮ ಸೋಸುಬಲೆಗಳ ಮೂಲಕ ಹಾದು ಬರುವಾಗ ಆ ಬಾಡಿಗೆದಾರರಲ್ಲಿ ಬಹುಪಾಲು ಜನ ಬಲೆಯಲ್ಲೇ ಉಳಿಯುತ್ತಾರೆ. ಬಹುಪಾಲು ಎಂದೆ, ಎಲ್ಲರೂ ಎನ್ನಲಿಲ್ಲ. ಉಂಗುರ ಹಸಿರಾಗಿದ್ದರೆ ವಿಷ ಸೊನ್ನೆ ಎಂದು ಅರ್ಥವಲ್ಲ, ಮಿತಿಯೊಳಗಿದೆ ಎಂದಷ್ಟೇ ಅರ್ಥ. ಈ ಮಾತನ್ನು ನಾನು ಶಾಲೆಗಳಲ್ಲಿ, ಸಂಘಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಹೇಳಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಆ ಸೋಮವಾರ ಬೆಳಿಗ್ಗೆ ನಾನು ನಿಯಂತ್ರಣ ಕೊಠಡಿಗೆ ಕಾಲಿಡುತ್ತಲೇ ನಮ್ಮ ಎಂಜಿನಿಯರ್ ತಬಸ್ಸುಮ್ ಎದ್ದು ನಿಂತಳು. ಚಹಾ ಕುಡಿಯುವ ಮೊದಲು ಯಾರಾದರೂ ಎದ್ದು ನಿಂತರೆ ನನಗೆ ಭಯವಾಗುತ್ತದೆ.

"ಸರ್, ನೀರ್ ಎಲ್ಲಾ ಹಸರ ಐತ್ರಿ. ಆದ್ರ ಕೂಸುಗೋಳು ಕೆಂಪ ಆಗ್ಯಾವು."

ಉಂಗುರ ನೀರನ್ನು ನೋಡಿದರೆ, ಕೂಸುಗಳ ಮೈ ನೋಡಲು ಬೇರೆ ಸಾಧನವಿದೆ. ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿಗೆ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಒಂದು ಪಟ್ಟಿ ಅಂಟಿಸುತ್ತಾಳೆ. ಸೂಜಿ ಚುಚ್ಚದೆ, ರಕ್ತ ತೆಗೆಯದೆ ಅದು ಮೈಯೊಳಗಿನ ವಿಷವನ್ನು ಅಳೆದು ನಮ್ಮ ನಕಾಶೆಗೆ ಕಳಿಸುತ್ತದೆ. ನಕಾಶೆಯಲ್ಲಿ ಹಳೆ ಪೇಟೆಯ ಓಣಿಗಳ ತುಂಬ ಕೆಂಪು ಚುಕ್ಕಿ ಎದ್ದಿದ್ದವು. ಅದರಲ್ಲೊಂದು ನನ್ನ ಮನೆಯ ಮೇಲಿತ್ತು.

ನನ್ನ ಮಗಳು ಇಂಚರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು, ತಿಂಗಳು ತುಂಬುವ ಮೊದಲೇ ಅವಸರ ಮಾಡಿ ಹುಟ್ಟಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ. ಹಿಂದಿನ ವಾರ ಅದರ ಚುಕ್ಕಿ ಹಳದಿಯಾಗಿದ್ದಾಗ ಪಟ್ಟಿ ಸರಿಯಾಗಿ ಅಂಟಿರಲಿಕ್ಕಿಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಅದು ಕೆಂಪಾಗಿತ್ತು.

ಕೆಂಪಿನೊಳಗೂ ಒಂದು ಗೆರೆ ಇದೆ. ಅದನ್ನು ದಾಟಿದ ಕೂಸಿಗೆ ಲಸಿಕೆ ಹಾಕಿದರೂ ಪ್ರಯೋಜನವಿಲ್ಲ. ರೋಗದ ವಿರುದ್ಧ ಹೋರಾಡುವುದನ್ನು ಮೈ ಕಲಿಯುವುದೇ ಇಲ್ಲ. ಪಕ್ಕದ ತಾಲೂಕಿನಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಎದ್ದು ಮಕ್ಕಳು ಸಾಯುತ್ತಿದ್ದ ದಿನಗಳವು. ನಮ್ಮ ಕೂಸಿಗೆ ಅದರ ಮೊದಲ ಲಸಿಕೆ ಮುಂದಿನ ವಾರ ಆಗಬೇಕಿತ್ತು, ಅದರ ಚುಕ್ಕಿಯೋ ಗೆರೆಯ ಹತ್ತಿರ ಹತ್ತಿರ ಹೋಗುತ್ತಿತ್ತು.

"ಹಳೆ ಪೇಟಿಗೆ ಹೋಗೂ ಪೈಪ್ ಒಂದ ಅಲ್ಲೇನವಾ? ಅದರಾಗ ಎಲ್ಲೋ ಒಡದಿರಬೇಕು," ಎಂದೆ.

"ಒತ್ತಡ ಸರಿ ಐತ್ರಿ. ನಾಲ್ಕು ಕಡೆ ನೀರ್ ಹಿಡಿಸಿ ನೋಡೇನಿ. ಎಲ್ಲಾ ಕಡೆ ಅದ ಹಸರ."

"ಸೋಸುಬಲಿ ತುಂಬಿ, ಹಿಡಕೊಂಡಿದ್ದನ್ನ ಬಿಡಾಕತ್ತೈತೇನ?"

"ಹೊಸಾ ಬಲಿ ಹಾಕಿ ಇನ್ನೂ ತಿಂಗಳಾಗಿಲ್ಲ, ಸರ್. ಬಿಟ್ಟಿದ್ರೂ ಉಂಗುರ ಸುಮ್ನ ಕೂಡ್ತಿದ್ದಿಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು. ಆದರೂ ಸಿಟ್ಟು ಬಂತು. ಅವಳ ಮೇಲಲ್ಲ, ಆ ಹಸಿರು ಬಣ್ಣದ ಮೇಲೆ. ನಾನೇ ಹೋಗಿ ಬಲೆಯ ತೊಟ್ಟಿಗಳ ನೀರು ತಂದೆ, ಉಪಕರಣಕ್ಕೆ ಹಾಕಿದೆ, ಮತ್ತೆ ತಂದೆ, ಮತ್ತೆ ಹಾಕಿದೆ. ವಿಷ ಇತ್ತು, ಎಂದಿನಂತೆ ಮಿತಿಯ ಒಳಗೆ, ಸಭ್ಯವಾಗಿ.

ಅಷ್ಟರಲ್ಲಿ ಸುದ್ದಿ ಊರಿಗೆ ಹಬ್ಬಿ ಕಮಿಷನರ್ ಫೋನು ಮಾಡಿದರು. "ಅಂಗಡಿಯವರ, ಜನ ಗೇಟಿಗೆ ಬಂದು ನಿಂತಾರ. ನೀರ್ ಕಾಯಿಸಿ ಆರಿಸಿ ಕುಡೀರಿ ಅಂತ ವ್ಯಾನ್ ಬಿಡಸ್ತೀನಿ."

"ಸಾಹೇಬ್ರ, ಕಾಯಿಸಿದ್ರ ಕ್ರಿಮಿ ಸಾಯ್ತಾವ. ಇವು ಕ್ರಿಮಿ ಅಲ್ರಿ. ನೀರ್ ಆವಿ ಆಗಿ ಹೋಗ್ತೈತಿ, ಇವು ತಳದಾಗ ಕುಂಡ್ರತಾವ. ಲಾಭ ಇಲ್ಲ, ಒಂಚೂರು ಲುಕ್ಸಾನ."

"ಒಂಚೂರು ಅಂದ್ರ ನಡೀತೈತಿ ಬಿಡ್ರಿ. ಏನರ ಒಂದ್ ಹೇಳಬೇಕಲ್ಲ! ನೀರಿಂದ ತಕರಾರು ಬಂದಾಗೆಲ್ಲಾ ನಾವು ಅದನ್ನ ಹೇಳ್ಕೋತ ಬಂದೀವಿ."

ನಾನೂ ಜಾಸ್ತಿ ಜಗ್ಗಾಡಲಿಲ್ಲ. ಒಂದು ಪಾತ್ರೆ ನೀರು ಕುದಿಸಿದರೆ ಇಂಗುವುದು ಎಷ್ಟು, ಒಂದೆರಡು ಗುಟುಕು. ಅಷ್ಟರಿಂದ ಹಸಿರು ನೀರು ಕೆಂಪಾಗುವುದಿಲ್ಲ ಎಂದು ಲೆಕ್ಕ ಹಾಕಿ ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ಪಾಲಿಕೆಯ ವ್ಯಾನುಗಳು ಓಣಿ ಓಣಿಗಳಲ್ಲಿ ಒದರುತ್ತ ತಿರುಗತೊಡಗಿದವು.

ಊಟಕ್ಕೆ ಮನೆಗೆ ಬಂದೆ. ನಡುಮನೆಯ ಪಕ್ಕದ ಕೋಣೆಗೆ ದಪ್ಪನೆಯ ಪರದೆ ಬಿಟ್ಟಿತ್ತು, ಒಳಗಿಂದ ಲೋಬಾನದ ವಾಸನೆ ಬರುತ್ತಿತ್ತು. ನಮ್ಮ ಕಡೆ ಬಾಣಂತಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ. ಹೆತ್ತ ತಂದೆಯಾದರೂ ಅಷ್ಟೇ, ಪರದೆಯ ಹೊರಗೆ ನಿಂತು ಮಾತಾಡಬೇಕು. ಒಳಗೆ ನನ್ನ ಹೆಂಡತಿ ಶೈಲಜಾಳ ರಾಜ್ಯ. ಅವಳು ಮಾಡುವ ಬಾಣಂತನವೆಂದರೆ ಬೀಗರು ಕೂಡ ತುಟಿ ಎರಡು ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಅಳವಿ ಬೀಜದ ಪಾಯಸ, ಅಂಟಿನುಂಡಿ, ಮೈಗೆ ಎಣ್ಣೆ, ಬಿಸಿನೀರು ಎರೆಯುವುದು, ಮಲಗುವ ಹೊರಸಿಗೆ ಅಗ್ಗಿಷ್ಟಿಕೆಯ ಕಾವು, ಎಲ್ಲ ಗಡಿಯಾರದ ಹಾಗೆ ನಡೆಯುತ್ತಿತ್ತು.

ಸುದ್ದಿ ಹೇಳಿದೆ. ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಳದ ಉಂಗುರಾ ನೋಡ್ರಿ ಬೇಕಾದ್ರ. ಹಸರ ಐತಿ. ನಾ ಏನ್ ಕಡಿಮಿ ಮಾಡೇನಿ?"

"ನೀ ಕಡಿಮಿ ಮಾಡೀ ಅಂತ ಯಾರ್ ಅಂದ್ರು?"

"ಮತ್ತ ಕೂಸಿನ ಮೈಯಾಗ ಎಲ್ಲಿಂದ ಬರ್ತೈತ್ರಿ? ಅದು ಹಾಲ್ ಬಿಟ್ರ ಏನೂ ಕುಡಿಯೂದಿಲ್ಲ."

ಪರದೆಯ ಹಿಂದಿನಿಂದ ಇಂಚರಾಳ ದನಿ ಬಂತು. "ಅಪ್ಪಾ, ಪಟ್ಟಿ ಏನಂತು?"

ನಾನು ನೀರಿನ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಆದರೆ ಅವಳಿಗೆ ಅರ್ಧವನ್ನಷ್ಟೇ ಹೇಳಿದೆ. "ಸ್ವಲ್ಪ ಏರೈತಿ. ನೋಡಾಕತ್ತೀವಿ," ಎಂದೆ.

"ನನ್ನ ಹಾಲಿಂದ ಹೌದಿಲ್ರಿ?"

ಶೈಲಾ ನನ್ನನ್ನು ಕಣ್ಣಲ್ಲೇ ತಡೆದಳು. ಉತ್ತರ ಹೌದೇ ಆಗಿತ್ತು. ಹಳೆಯ ವಿಷಗಳು ಇಂಗಾಲದ ದೊಡ್ಡ ಸರಪಳಿಯವು, ಅವು ತಾಯಿಯ ರಕ್ತದಲ್ಲಿ ಕುಳಿತು ನಿಧಾನವಾಗಿ ಹಾಲಿಗೆ ಇಳಿಯುತ್ತಿದ್ದವು. ಅವನ್ನು ನಿಷೇಧಿಸಿದ ಮೇಲೆ ಕಂಪನಿಗಳು ಚಿಕ್ಕ ಸರಪಳಿಯವನ್ನು ತಯಾರಿಸಿದವು. ಇವು ತಾಯಿ ಇವತ್ತು ಕುಡಿದರೆ ನಾಳೆ ಹಾಲಿನಲ್ಲಿ ಇರುತ್ತವೆ. ಆದರೆ ತಾಯಿ ಕುಡಿದ ನೀರೇ ಹಸಿರಾಗಿದ್ದರೆ ಹಾಲು ಕೆಂಪಾಗುವುದು ಹೇಗೆ? ನನ್ನ ತಲೆ ಅಲ್ಲೇ ನಿಂತುಬಿಟ್ಟಿತ್ತು.

ಆರೋಗ್ಯಾಧಿಕಾರಿ ಡಾಕ್ಟರ್ ದೇಶಪಾಂಡೆ ಹಾಲು ಬಿಡಿಸಿ ಪುಡಿಹಾಲು ಕೊಟ್ಟು ನೋಡಿ ಎಂದರು. ಸಂಜೆ ಕೊಟ್ಟೆವು. ಮುಂಚೆ ಹುಟ್ಟಿದ ಕೂಸು, ಕರುಳು ಇನ್ನೂ ಎಳೆಯದು. ಅರ್ಧ ಗಂಟೆಯೊಳಗೆ ವಾಂತಿ ಮಾಡಿಕೊಂಡು ನೀಲಿಯಾಯಿತು. ಇಂಚರಾ ಅಳುತ್ತ ಅದನ್ನು ಮತ್ತೆ ಎದೆಗೆ ಹಾಕಿಕೊಂಡಳು. ವಿಷ ಎಂದು ಗೊತ್ತಿದ್ದೂ ಕುಡಿಸುವ ತಾಯಿಯ ಅಳು ಎಂಥದು ಎಂಬುದನ್ನು ಪರದೆಯ ಈಚೆ ಕುಳಿತು ಕೇಳಿದೆ. ಶತ್ರುವಿಗೂ ಅದು ಬೇಡ.

ಮರುದಿನ ಕೆಂಪು ಚುಕ್ಕಿಗಳು ಇನ್ನೂ ಹೆಚ್ಚಿದ್ದವು. ಕಮಿಷನರ್ ಇಡೀ ಊರಿನ ನೀರು ನಿಲ್ಲಿಸಿ ಟ್ಯಾಂಕರ್ ತರಿಸುವ ಮಾತಾಡುತ್ತಿದ್ದರು. ಟ್ಯಾಂಕರಿನವರು ಎಲ್ಲಿಂದ ತುಂಬಿಕೊಂಡು ಬರುತ್ತಾರೆ? ಸೋಸದ ಅದೇ ಹೊಳೆಯಿಂದ. ಮಧ್ಯಾಹ್ನದೊಳಗೆ ಕಾರಣ ಹೇಳದಿದ್ದರೆ ಕೀಲಿ ತಿರುವುತ್ತೇನೆ ಎಂದು ನನಗೆ ಗಡುವು ಕೊಟ್ಟರು.

ತಬಸ್ಸುಮ್ ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದೇ ಮನೆ ತೆಗೆದು ನೋಡುತ್ತಿದ್ದವಳು ಥಟ್ಟನೆ ಕೈ ಎತ್ತಿದಳು.

"ಸರ್, ನಿಮ್ಮ ಮನಿ ನಳದ ನಂಬರಿನ ಮ್ಯಾಲ ಎರಡು ಕೂಸು ಅದಾವು."

"ನಮ್ಮನ್ಯಾಗ ಒಂದ ಕೂಸವಾ."

"ಇಲ್ರಿ, ಎರಡು. ಒಂದು ಕೆಂಪು. ಇನ್ನೊಂದು ಹಸರು. ಪೂರ್ತಿ ಹಸರು. ತಾಯಿ ಹೆಸರು ಹುಲಿಗೆವ್ವ."

ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಯಂತ್ರದಿಂದ ಮನೆ ಮುದ್ರಿಸುವ ಕೆಲಸ ನಡೆದಿತ್ತು. ಗಾರೆಯನ್ನು ಪದರ ಪದರವಾಗಿ ಸುರಿದು ಗೋಡೆ ಎಬ್ಬಿಸುವ ಯಂತ್ರ. ಅದೆಷ್ಟು ಜಾಣ ಯಂತ್ರವಾದರೂ ಅದರ ಹೊಟ್ಟೆಗೆ ಗಾರೆ ತುಂಬಲು ಮನುಷ್ಯರೇ ಬೇಕು. ಹಾಗೆ ತುಂಬುವವಳು ಹುಲಿಗೆವ್ವ. ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಗಂಡ ಬೇರೆ ಊರಿನ ಕೆಲಸಕ್ಕೆ ಹೋದವನು ತಿಂಗಳಾದರೂ ಬಂದಿರಲಿಲ್ಲ. ನಮ್ಮ ಅಂಗಳದ ನಳದಿಂದ ನೀರು ಒಯ್ಯಲು ಶೈಲಾ ಅವಳಿಗೆ ಒಪ್ಪಿಗೆ ಕೊಟ್ಟಿದ್ದಳು, ಮೆಟ್ಟಿಲು ಹತ್ತಲು ಅಲ್ಲ. ಅವಳ ಕೂಸೂ ನಮ್ಮ ಕೂಸಿನ ವಾರಿಗೆಯದೇ.

ನಾನು ಸ್ಕೂಟರು ಹಾರಿಸಿಕೊಂಡು ಬಂದೆ. ಹುಲಿಗೆವ್ವ ಯಂತ್ರದ ಪಕ್ಕ ಗಾರೆ ಬುಟ್ಟಿ ಇಳಿಸುತ್ತಿದ್ದಳು. ಕೂಸು ನೆರಳಿನಲ್ಲಿ ಸೀರೆಯ ಜೋಲಿಯಲ್ಲಿತ್ತು.

"ಹುಲಿಗೆವ್ವ, ನೀ ಕುಡಿಯೂ ನೀರ್ ಯಾವುದು?"

ಅವಳು ಹೆದರಿದಳು. "ನಿಮ್ಮ ನಳದ್ದ ರೀ ಸಾಹೇಬ್ರ. ಅಕ್ಕಾರು ಹೂಂ ಅಂದಿದ್ರು. ತಪ್ಪಾತೇನ್ರಿ?"

"ತಪ್ಪಲ್ಲ ತಾಯಿ. ಬ್ಯಾರೆ ಎಲ್ಲಿಂದನೂ ಕುಡಿಯೂದಿಲ್ಲ? ಬಾಟ್ಲಿ ನೀರು? ಬಾವಿ ನೀರು?"

"ಇಲ್ರಿ. ಕೊಡ ತುಂಬಿ ಇಟ್ಟಿರ್ತೀನಿ, ನೀರಡಿಕಿ ಆದಾಗ ಎತ್ತಿ ಕುಡಿಯೂದು."

"ಕಾಸಿ ಕುಡೀತಿಯೋ, ಹಂಗ ಕುಡೀತಿಯೋ? ವ್ಯಾನಿನವರು ಕಾಯಿಸ್ರಿ ಅಂದಾರಲ್ಲ."

ಅವಳಿಗೆ ಈಗ ನಗು ಬಂತು. "ಕಾಸಾಕ ಯಾರ್ ಅದಾರ್ರಿ? ಹೆತ್ತ ಐದನೇ ದಿನಕ್ಕ ಬುಟ್ಟಿ ಹಿಡದೇನಿ. ಬಿಸಿನೀರು, ಕಾವು, ಎಣ್ಣಿ ಅವೆಲ್ಲಾ ಅವ್ವ ಇದ್ದಾಕಿಗೆ. ನನಗ ಯಾರ್ ಬಾಣಂತನಾ ಮಾಡ್ತಾರ್ರಿ?"

ಒಂದೇ ನಳ, ಒಂದೇ ನೀರು, ಇಬ್ಬರು ತಾಯಂದಿರು. ನಡುವೆ ಇದ್ದ ಅಂತರ ಒಂದೇ, ಒಬ್ಬಳಿಗೆ ಬಾಣಂತನವಾಗಿತ್ತು, ಇನ್ನೊಬ್ಬಳಿಗೆ ಆಗಿರಲಿಲ್ಲ. ಹೊಳೆಯಿಂದ ನಳದವರೆಗೆ ಪ್ರತಿ ಅಂಗುಲ ತಡಕಾಡಿದ ನಾನು, ನಳದಿಂದ ಮಗಳ ಬಾಯಿಯವರೆಗೆ ಇರುವ ಹತ್ತು ಹೆಜ್ಜೆಯನ್ನು ನೋಡಿಯೇ ಇರಲಿಲ್ಲ. ನೋಡಲು ಗಂಡಸರಿಗೆ ಅಲ್ಲಿ ಪ್ರವೇಶವೂ ಇರಲಿಲ್ಲ.

ರಸ್ತೆ ದಾಟಿ ಚಪ್ಪಲಿ ಕೂಡ ಬಿಡದೆ ಒಳಗೆ ಹೋಗಿ ಪರದೆ ಎಳೆದೆ.

"ರೀ! ಬುದ್ಧಿ ಐತೋ ಇಲ್ಲೋ ನಿಮಗ?" ಎಂದು ಶೈಲಾ ಚೀರಿದಳು.

ಇಂಚರಾ ಹೊರಸಿನ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು, ಕೈಯಲ್ಲಿ ಸಣ್ಣ ಹಿತ್ತಾಳೆಯ ಲೋಟ. ಹೊರಸಿನ ಪಕ್ಕ ಅಗ್ಗಿಷ್ಟಿಕೆಯ ಮೇಲೆ ತಾಮ್ರದ ತಪ್ಪೇಲಿಯಲ್ಲಿ ಅಜವಾನ ಹಾಕಿದ ನೀರು ಸಣ್ಣಗೆ ಮರಳುತ್ತಿತ್ತು.

"ಆ ಲೋಟಾ ಕೆಳಗಿಡು," ಎಂದೆ. "ಶೈಲಾ, ಈ ತಪ್ಪೇಲಿ ನೀರು ಯಾವಾಗ ಚೆಲ್ಲಿದ್ದಿ?"

"ಚೆಲ್ಲೂದಂದ್ರ? ಬಾಣಂತಿ ತಪ್ಪೇಲಿ ಯಾರರ ಬರಿದು ಮಾಡ್ತಾರೇನ್ರಿ? ಇಳಿದಂಗ ಇಳಿದಂಗ ಮ್ಯಾಲ ಹಾಕೂದು. ಹೆತ್ತ ದಿನ ಇಟ್ಟಿದ್ದು, ಕ್ವಾಣಿಯಿಂದ ಹೊರಗ ಬಂದ ದಿನಾನ ಇಳಸೂದು."

ನನ್ನ ಜೇಬಿನಲ್ಲಿ ಪರೀಕ್ಷೆಯ ಕಡ್ಡಿ ಸದಾ ಇರುತ್ತದೆ, ಉಂಗುರದಲ್ಲಿರುವ ಪ್ರೋಟೀನೇ ಅದರ ತುದಿಯಲ್ಲಿದೆ. ತಪ್ಪೇಲಿಗೆ ಅದ್ದಿದೆ. ಹಸಿರಾಗಲಿಲ್ಲ, ಹಳದಿಯಲ್ಲೂ ನಿಲ್ಲಲಿಲ್ಲ. ಕಪ್ಪಿಗೆ ತಿರುಗುವಷ್ಟು ಗಾಢವಾದ ಕೆಂಪಾಯಿತು. ಆಮೇಲೆ ಉಪಕರಣದಲ್ಲಿ ಅಳೆದಾಗ ನಳದ ನೀರಿನ ಇಪ್ಪತ್ತು ಪಟ್ಟು ಬಂತು.

ಬಿಡಿಸಿ ಹೇಳುತ್ತೇನೆ. ನೀರು ಆವಿಯಾಗಿ ಹೋಗುತ್ತದೆ, ಈ ವಿಷ ಹೋಗುವುದಿಲ್ಲ. ಮೇಲೆ ಮತ್ತೆ ನೀರು ಹಾಕಿದರೆ ಅದರ ಪಾಲಿನ ವಿಷವೂ ಬಂದು ಸೇರುತ್ತದೆ. ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂದು ದಿನಕ್ಕೆ ಎರಡು ಸಣ್ಣ ಲೋಟ ಕೊಡುತ್ತಾರೆ. ಉಳಿದದ್ದೆಲ್ಲ ಕುದ್ದು ಇಂಗುತ್ತದೆ. ನಮ್ಮ ಅಜ್ಜಿಯರ ಕಾಲದಿಂದ ಈ ಪದ್ಧತಿ ಇದೆ, ಆಗ ಹೀಗಾಗಿರಲಿಲ್ಲ. ಕೆಂಡದ ಅಗ್ಗಿಷ್ಟಿಕೆ ಬೆಳಿಗ್ಗೆ ಸಂಜೆ ಉರಿದು ತಣ್ಣಗಾಗುತ್ತಿತ್ತು. ಈ ವರ್ಷ ಸರ್ಕಾರ, ಕೂಸಿನ ಪುಪ್ಪುಸಕ್ಕೆ ಹೊಗೆ ಆಗಬಾರದೆಂದು, ಹಳೆ ಪೇಟೆಯಿಂದ ಶುರು ಮಾಡಿ ಪ್ರತಿ ಬಾಣಂತಿಗೂ ಕರೆಂಟಿನ ಅಗ್ಗಿಷ್ಟಿಕೆ ಹಂಚಿತ್ತು. ಅದು ಹಗಲೂ ರಾತ್ರಿ ಆರದು. ಒಳ್ಳೆಯ ಯಂತ್ರ, ಒಳ್ಳೆಯ ಪದ್ಧತಿ, ಮಿತಿಯೊಳಗಿನ ನೀರು. ಮೂರೂ ಸೇರಿ ಕೂಸಿನ ಬಾಯಿಗೆ ವಿಷ ಸುರಿಯುತ್ತಿದ್ದವು.

ಇಂಚರಾ ಲೋಟವನ್ನು ನೋಡಿದಳು, ಆಮೇಲೆ ಅವ್ವನನ್ನು. ಶೈಲಾ ಹೊರಸಿನ ಕಾಲು ಹಿಡಿದು ನೆಲಕ್ಕೆ ಕುಸಿದಳು. "ನನ್ನ ಕೈಲೆ... ನಾನ ಹಾಕಿ ಕೊಟ್ಟೇನಿ, ಕುಡೀ ಕುಡೀ ಅಂತ," ಎಂದಳು. ಅವಳನ್ನು ಸಮಾಧಾನ ಮಾಡಲು ನನಗೆ ಪುರುಸೊತ್ತಿರಲಿಲ್ಲ. ಹೊರಗೆ ಓಣಿಯಲ್ಲಿ ವ್ಯಾನು ಒದರುತ್ತಿತ್ತು. "ನಾಗರಿಕರೇ, ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ."

ತಬಸ್ಸುಮ್‌ಗೆ ಫೋನು ಹಚ್ಚಿದೆ. ವ್ಯಾನುಗಳು ನಿಂತವು, ಹೊಸ ಸೂಚನೆ ಹೊರಟಿತು. ಕುದಿಸಬೇಡಿ, ನಳದಿಂದ ನೇರವಾಗಿ ಕುಡಿಯಿರಿ, ಬಾಣಂತಿಯರ ತಪ್ಪೇಲಿ ಕೂಡಲೇ ಬರಿದು ಮಾಡಿ. ನೀರು ನಿಲ್ಲಿಸುವುದೂ ತಪ್ಪಿತು. ಇಷ್ಟಕ್ಕೆ ಮುಗಿಯಿತೆಂದು ನಾನು ತಿಳಿದೆ.

ಮುಗಿದಿರಲಿಲ್ಲ. ನಿನ್ನೆ ಕುದಿಸಿ ಅಂದವರು ಇವತ್ತು ಕುದಿಸಬೇಡಿ ಎಂದರೆ ಯಾರು ಕೇಳುತ್ತಾರೆ? ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನಮ್ಮ ಊರಿನಲ್ಲಿ ಬಾಣಂತಿಯ ತಪ್ಪೇಲಿಯನ್ನು ನಡುವೆ ಬೋರಲು ಹಾಕುವುದು ಒಂದೇ ಸಂದರ್ಭದಲ್ಲಿ, ಕೂಸೋ ತಾಯಿಯೋ ತೀರಿಹೋದಾಗ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋದರೆ ಅಜ್ಜಿಯರು ಕಸಬರಿಗೆ ಹಿಡಿದು ಓಡಿಸಿದರು. ಒಬ್ಬಳಿಗೆ ಪೆಟ್ಟೂ ಬಿತ್ತು. ಸಂಜೆಯ ಹೊತ್ತಿಗೆ ಊರಿನಲ್ಲಿ ಒಂದು ತಪ್ಪೇಲಿಯೂ ಇಳಿದಿರಲಿಲ್ಲ.

ಶೈಲಾ ಆವರೆಗೆ ಗೋಡೆಗೆ ಒರಗಿ ಕುಳಿತಿದ್ದಳು. ಎದ್ದಳು, ಮುಖ ತೊಳೆದಳು, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ತಪ್ಪೇಲಿಯನ್ನು ಎತ್ತಿ ಅಂಗಳಕ್ಕೆ ತಂದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ಬಾಯಿಗೆ ಸೆರಗು ಹಿಡಿದರು. ಗಟಾರಕ್ಕೆ ಚೆಲ್ಲಬೇಡ, ಮತ್ತೆ ಹೊಳೆಗೇ ಹೋಗುತ್ತದೆ ಎಂದು ನಾನು ಘಟಕದ ಕ್ಯಾನು ಹಿಡಿದೆ. ಅವಳು ಅದಕ್ಕೆ ಸುರಿದು ತಪ್ಪೇಲಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಆಮೇಲೆ ವ್ಯಾನಿನವನ ಕೈಯಿಂದ ಮೈಕು ಕಸಿದುಕೊಂಡಳು.

"ನಾ ನೀರಿನ ಆಫೀಸಿನ ಅಂಗಡಿಯವರ ಮನ್ಯಾಕಿ. ನನ್ನ ಮಗಳ ತಪ್ಪೇಲಿ ನಾನ ಬೋರಲ ಹಾಕೇನಿ. ಕೂಸು ಜೀವಂತ ಐತಿ, ಅಳೂದು ಕೇಳ್ರಿ ಬೇಕಾದ್ರ. ಅದು ಉಳೀಲಿ ಅಂತ ಹಾಕೇನಿ. ನನ್ನಂಗ ನೀವೂ ಪ್ರೀತಿಲೆ ವಿಷಾ ಕುಡಸಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ."

ಅವಳು ಆ ವ್ಯಾನಿನಲ್ಲೇ ಕುಳಿತು ಓಣಿ ಓಣಿ ತಿರುಗಿದಳು. ದನಿ ಬಿದ್ದುಹೋಗುವ ತನಕ ಹೇಳಿದಳು. ಒಂದೊಂದಾಗಿ ತಪ್ಪೇಲಿಗಳು ಅಂಗಳಕ್ಕೆ ಬಂದವು.

ಮರುದಿನ ಬೆಳಿಗ್ಗೆ ಡಾಕ್ಟರ್ ದೇಶಪಾಂಡೆ ನಮ್ಮ ನಡುಮನೆಯಲ್ಲಿ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದರು. ಇಂಚರಾಳ ಹಾಲು ತಿಳಿಯಾಗಲು ಇನ್ನೂ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಹಿಂಡಿ ತೆಗೆಯಬೇಕು, ಕುಡಿಸಬಾರದು. ಉಳಿದ ಕೂಸುಗಳಿಗೆ ಪುಡಿಹಾಲು ನಡೆಯುತ್ತದೆ, ನಮ್ಮದಕ್ಕೆ ನಡೆಯುವುದಿಲ್ಲ. ಇನ್ನು ನಾಲ್ಕು ದಿನ ಇದೇ ಹಾಲು ಕುಡಿದರೆ ಕೂಸು ಗೆರೆ ದಾಟುತ್ತದೆ. ದಾಟಿದರೆ ಲಸಿಕೆ ವ್ಯರ್ಥ. ಗಂಟಲಮಾರಿ ನಿನ್ನೆ ನಮ್ಮ ತಾಲೂಕಿಗೂ ಕಾಲಿಟ್ಟಿತ್ತು.

"ಜಿಲ್ಲಾ ಆಸ್ಪತ್ರೆಯ ಹಾಲಿನ ಬ್ಯಾಂಕು?" ಎಂದು ಕೇಳಿದೆ.

"ಅದಕ್ಕ ಹಾಲು ಕೊಡೋರೂ ಬಾಣಂತೇರ, ಅಂಗಡಿಯವರ. ಎಲ್ಲಾ ತಪಾಸಣೆಗೆ ಹೋಗ್ಯದ. ಯಾವಾಗ ಬರ್ತದೋ."

ಆಗ ಪರದೆಯ ಹಿಂದಿನಿಂದ ಇಂಚರಾ ಮಾತಾಡಿದಳು. ಅವಳ ದನಿ ನಡುಗುತ್ತಿರಲಿಲ್ಲ. "ಹುಲಿಗೆವ್ವಂದು ಹಸರ ಐತಲ್ಲ. ಆಕೀನ್ನ ಕೇಳ್ರಿ."

ನಾನು ಶೈಲಾಳ ಮುಖ ನೋಡಿದೆ. ನಮ್ಮ ಮನೆಯ ಮೆಟ್ಟಿಲು ಯಾರು ಹತ್ತಬೇಕು, ಯಾರು ಹತ್ತಬಾರದು ಎಂಬ ಲೆಕ್ಕ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಅದನ್ನು ಮುರಿಯಬೇಕೆಂದು ನಾನೂ ಎಂದೂ ಜೋರಾಗಿ ಹೇಳಿದವನಲ್ಲ. ಶೈಲಾ ಸೆರಗು ಸರಿಪಡಿಸಿಕೊಂಡು ರಸ್ತೆ ದಾಟಿದಳು. ನಾನೂ ಹಿಂದೆ ಹೋದೆ.

ಹುಲಿಗೆವ್ವ ಎಲ್ಲವನ್ನೂ ಕೇಳಿಸಿಕೊಂಡಳು, ಬುಟ್ಟಿಯನ್ನು ಕೆಳಗಿಡಲಿಲ್ಲ. "ನನ್ನ ಮಗಳಿಗೆ ಸಾಲತೈತೇನ್ರಿ ಆಮ್ಯಾಲ?" ಎಂದು ಮೊದಲು ಕೇಳಿದಳು.

"ನೀ ಹೊಟ್ಟಿತುಂಬ ಉಂಡು, ಕೆಲಸಾ ಬಿಟ್ಟು ಮಲಗಿದ್ರ ಇಬ್ಬರಿಗೂ ಸಾಲತೈತಿ ಅಂದಾರ ಡಾಕ್ಟರು," ಎಂದಳು ಶೈಲಾ. "ನಿನ್ನ ಕೂಲಿ ನಾವ ಕೊಡ್ತೀವಿ. ದುಪ್ಪಟ್ಟು ಕೊಡ್ತೀವಿ."

ಹುಲಿಗೆವ್ವನ ಮುಖ ಬಿಗಿಯಿತು. "ಹಾಲಿಗೆ ಕೂಲಿ ತಗೊಳ್ಳಾಕ ನಾ ಎಮ್ಮಿ ಅಲ್ರಿ ಅಕ್ಕಾರ."

ಯಂತ್ರ ಗುರುಗುಡುತ್ತಿತ್ತು. ನಮ್ಮ ಮನೆಯಿಂದ ಕೂಸಿನ ಅಳು ರಸ್ತೆಯ ಈಚೆಗೂ ಕೇಳುತ್ತಿತ್ತು. ಆ ಅಳುವಿಗೆ ಹುಲಿಗೆವ್ವನ ರವಿಕೆ ತಾನಾಗಿ ಒದ್ದೆಯಾಗತೊಡಗಿದ್ದನ್ನು ಕಂಡು ನಾನು ಮುಖ ತಿರುಗಿಸಿದೆ.

"ಮತ್ತೇನ್ ಬೇಕವ್ವಾ? ಬಾಯಿಬಿಟ್ಟು ಹೇಳು," ಎಂದಳು ಶೈಲಾ. ಅವಳು ಯಾರನ್ನಾದರೂ ಹಾಗೆ ಬೇಡಿದ್ದನ್ನು ನಾನು ನೋಡಿರಲಿಲ್ಲ.

ಹುಲಿಗೆವ್ವ ಬುಟ್ಟಿ ಇಳಿಸಿದಳು. "ನನಗ ಬಾಣಂತನಾ ಮಾಡ್ರಿ. ನಿಮ್ಮ ಮಗಳಿಗೆ ಮಾಡಿದಂಗ. ಒಳಗ, ಹೊರಸಿನ ಮ್ಯಾಲ ಮಲಗಿಸಿ. ದಿನಾ ಮುಂಜಾನೆ ನೀವು ಎರಿಯೂ ಸಪ್ಪಳಾ ಕೇಳಸ್ತೈತ್ರಿ ನನಗ, ಇಲ್ಲಿತನಕ."

ಶೈಲಾ ಜೋಲಿಯಿಂದ ಹುಲಿಗೆವ್ವನ ಕೂಸನ್ನು ತಾನೇ ಎತ್ತಿಕೊಂಡು, "ಬಾ," ಎಂದು ಮುಂದೆ ನಡೆದಳು. ಮೆಟ್ಟಿಲ ಹತ್ತಿರ ಹುಲಿಗೆವ್ವ ನಿಂತುಬಿಟ್ಟಳು. ಶೈಲಾ ತಿರುಗಿ ಅವಳ ಕೈ ಹಿಡಿದು ಎಳೆದುಕೊಂಡಳು.

ನಮ್ಮ ಕೂಸು ಮೊದಲು ಬಾಯಿ ಹಾಕಲಿಲ್ಲ. ಹೊಸ ಮೈಯ ವಾಸನೆಗೆ ಮುಖ ತಿರುಗಿಸಿ ಚೀರಿತು. ನಾನು ಪರದೆಯ ಹೊರಗೆ ಗೋಡೆ ಹಿಡಿದು ನಿಂತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅಳು ನಿಂತಿತು. ಒಳಗೆ ಇಂಚರಾ ಬಿಕ್ಕುವುದು ಕೇಳಿಸಿತು. "ಕುಡ್ಯಾಕತ್ತೈತಿ, ಅಪ್ಪಾ," ಎಂದಳು.

ಲಸಿಕೆಯ ದಿನ ಪಟ್ಟಿ ಅಂಟಿಸಿದಾಗ ಅದು ಗೆರೆಯ ಈಚೆ ನಿಂತಿತ್ತು, ಇಳಿದಿರಲಿಲ್ಲ. ಒಳಗೆ ಹೋದದ್ದು ಹೋದದ್ದೇ, ಅದರ ಜತೆ ಆ ಹುಡುಗ ಬಾಳಬೇಕು. ಲಸಿಕೆ ಮೈಗೆ ಹತ್ತಿತು. ಊರಿನ ಬೇರೆ ಎರಡು ಮನೆಗಳಲ್ಲಿ ಗೆರೆ ಆಗಲೇ ದಾಟಿತ್ತು, ಆ ತಾಯಂದಿರ ಮುಖ ನೋಡಲು ನನಗೆ ಇಂದಿಗೂ ಆಗುವುದಿಲ್ಲ. ಇದೆಲ್ಲ ಆಮೇಲಿನ ಮಾತು. ಹುಲಿಗೆವ್ವ ಬಂದ ಮರುದಿನದ ಬೆಳಿಗ್ಗೆಯ ಮಾತು ಹೇಳಿ ಮುಗಿಸುತ್ತೇನೆ.

ಶೈಲಾ ಅವಳಿಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ತಿಕ್ಕಿ ಬಚ್ಚಲಿಗೆ ಕರೆದೊಯ್ದಿದ್ದಳು. ನಾನು ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಬಚ್ಚಲಿನಿಂದ ನೀರು ಬೀಳುವ ಸಪ್ಪಳ ಬರುತ್ತಿತ್ತು. ನಡುವೆ ಯಾರೋ ಅತ್ತ ಹಾಗಾಯಿತು. ನೀರಿನ ಸಪ್ಪಳ ನಿಂತಿತು.

"ಯಾಕವ್ವಾ, ಸುಡಾಕತ್ತೈತೇನು? ತಣ್ಣೀರ್ ಬೆರಸ್ಲ್ಯಾ?" ಎಂದು ಶೈಲಾ ಕೇಳಿದಳು.

"ಇಲ್ರಿ ಅಕ್ಕಾರ," ಎಂದಳು ಹುಲಿಗೆವ್ವ. "ಇನ್ನೊಂದ್ ಚರಿಗಿ ಹಾಕ್ರಿ."